ರಾಳದ ಬೆಳಕು, ಮಾವನ ಫ್ಲ್ಯಾಷು

ಎಪ್ಪತ್ತು-ಎಂಬತ್ತರ ದಶಕದ ಮದುವೆ ಆಲ್ಬಮ್ಮುಗಳನ್ನು ತೆರೆದರೆ ಇಡೀ ಒಂದು ತಲೆಮಾರು ಏನೋ ಕೆಟ್ಟ ಸುದ್ದಿ ಕೇಳಿ ಬೆಚ್ಚಿಬಿದ್ದ ಹಾಗೆ ಕಾಣುತ್ತದೆ. ಮದುಮಗನ ಹಣೆ, ಮೂಗು, ಗಲ್ಲ ಮೂರೂ ಬೆಳ್ಳಗೆ ಹೊಳೆಯುತ್ತವೆ. ಮದುಮಗಳ ಮೂಗುತಿಯಿದ್ದಲ್ಲಿ ಒಂದು ಬಿಳಿ ಚುಕ್ಕೆ ಮಾತ್ರ. ಪುರೋಹಿತರ ಕನ್ನಡಕದೊಳಗೆ ಎರಡು ಪುಟ್ಟ ಸೂರ್ಯರು. ಗೋಡೆಗೆ ಒರಗಿ ನಿಂತ ಚಿಕ್ಕಪ್ಪನಿಗೆ ಅವನದೇ ಕಪ್ಪು ನೆರಳು ಜೊತೆ. ಮಂಟಪದ ಹಿಂದೆ ನೆರೆದಿದ್ದ ಊರೆಲ್ಲ ಕತ್ತಲೆಯಲ್ಲಿ ಮಾಯ. ಹಗಲು ಹನ್ನೊಂದೂವರೆಯ ಅಭಿಜಿನ್ ಮುಹೂರ್ತ ಎಂದು ಲಗ್ನಪತ್ರಿಕೆ ಹೇಳುತ್ತದೆ; ಫೋಟೊ ಮಾತ್ರ ಅಮಾವಾಸ್ಯೆಯ ನಡುರಾತ್ರಿ ಎನ್ನುತ್ತದೆ.

ನಮ್ಮ ಸೀಮೆಯಲ್ಲಿ ಇವರ ಪೈಕಿ ಅರ್ಧ ಜನರನ್ನು ಬೆಚ್ಚಿಬೀಳಿಸಿದವರು ನನ್ನ ಸೋದರಮಾವ. ಪುತ್ತೂರು ಕಡೆಯ ಒಂದು ಸಣ್ಣ ಪೇಟೆಯಲ್ಲಿ, ಬಸ್ ಸ್ಟ್ಯಾಂಡಿನೆದುರು, ಜಿನಸು ಅಂಗಡಿಯ ಮಾಳಿಗೆಯ ಮೇಲೆ ಅವರ ಸ್ಟುಡಿಯೋ. ಕಾಲೇಜಿನ ರಜೆಯಲ್ಲಿ ನಾನು ಅವರ ಬ್ಯಾಗು ಹೊರುವವನು. ಬ್ಯಾಗಿನೊಳಗೆ ಪೆಂಟಾಕ್ಸ್ ಕೆ-1000 ಕೆಮರಾ, ಒಂದು ನ್ಯಾಷನಲ್ ಫ್ಲ್ಯಾಷು, ಪೆನ್ಸಿಲ್ ಸೆಲ್ಲುಗಳ ಕಟ್ಟು, ಫಿಲ್ಮ್ ರೋಲುಗಳು, ಬೆವರೊರೆಸಲು ಒಂದು ಬೈರಾಸು.

ಆಗಿನ ಮದುವೆಗಳಲ್ಲಿ ಫ್ಲ್ಯಾಷಿಗೆ ಇದ್ದ ಮರ್ಯಾದೆ ಕೆಮರಾಕ್ಕೆ ಇರಲಿಲ್ಲ. ಕೆಮರಾ ಕಣ್ಣಿಗೆ ಹಿಡಿದು ಕ್ಲಿಕ್ಕಿಸಿದರೆ ಸಾಲದು, ಮಿಂಚಬೇಕು. ಅಂಗಳದ ಚಪ್ಪರದಲ್ಲಿ, ಒಳ್ಳೆಯ ಹಗಲು ಬೆಳಕಿನಲ್ಲಿ ಮಾವ ಬರೀ ಕೆಮರಾದಲ್ಲಿ ಫೋಟೊ ತೆಗೆದರೆ, ಸೋಗೆಯ ನೆರಳಲ್ಲಿ ನಿಂತ ಹಿರಿಯರೊಬ್ಬರು ಕರೆದು ಕೇಳುವರು: "ಅಲ್ಲ ಫೋಟೊದವರೇ, ಮಿಂಚಲೇ ಇಲ್ಲವಲ್ಲ!" ಮಾವ ಮರುಮಾತಾಡದೆ ಫ್ಲ್ಯಾಷಿನ ಬದಿಯಲ್ಲಿದ್ದ ಟೆಸ್ಟ್ ಬಟನ್ ಒತ್ತಿ ಒಮ್ಮೆ ಮಿಂಚಿಸುವರು. ಹಿರಿಯರಿಗೆ ಸಮಾಧಾನ. ಫಿಲ್ಮು ಒಂದಿಂಚೂ ಮುಂದೆ ಹೋಗಿರುತ್ತಿರಲಿಲ್ಲ. ರೋಲಿಗೆ ಮೂವತ್ತಾರು ಚಿತ್ರ. ನೆಂಟರು ಮುನ್ನೂರು ಜನ. "ಫಿಲ್ಮಿಗೆ ದುಡ್ಡು ಉಂಟು ಮಾರಾಯ, ಮಿಂಚಿಗೆ ಇಲ್ಲ" ಎಂದು ಮಾವ ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಊರಿನ ಎಷ್ಟೋ ಮಂದಿ ಹೀಗೆ ಮದುವೆ ಮದುವೆಯಲ್ಲೂ ಫೋಟೊ ತೆಗೆಸಿಕೊಂಡು, ಯಾವ ಆಲ್ಬಮ್ಮಿನಲ್ಲೂ ಕಾಣಿಸದೆ ತೀರಿಹೋದರು.

ಮಾವನಿಗೆ ಫ್ಲ್ಯಾಷಿನ ಮೇಲೆ ಪ್ರೀತಿಯೇನೂ ಇರಲಿಲ್ಲ. ಹೊಟ್ಟೆಪಾಡಿಗೆ ಹೊಡೆಯುತ್ತಿದ್ದರು, ಪ್ರಿಂಟು ಬಂದಾಗ ಮುಖ ಸಿಂಡರಿಸುತ್ತಿದ್ದರು. ಅವರ ದೂರು ಒಂದೇ: "ಬೆಳಕು ಧಾರಾಳ ಉಂಟು. ನಿಂತ ಜಾಗ ಸರಿ ಇಲ್ಲ." ಫ್ಲ್ಯಾಷು ಕೆಮರಾದ ನೆತ್ತಿಯ ಮೇಲೆ ಕೂತಿರುತ್ತದೆ, ಎಂದರೆ ನೋಡುವವನ ಹಣೆಯಿಂದಲೇ ಬೆಳಕು ಹೊರಡುತ್ತದೆ. ಈ ಲೋಕದಲ್ಲಿ ನಾವು ಒಬ್ಬರನ್ನೊಬ್ಬರು ಹಾಗೆ ನೋಡುವುದೇ ಇಲ್ಲ. ಬೆಳಕು ಕಿಟಕಿಯಿಂದ ಬರುತ್ತದೆ, ಹಂಚಿನ ನಡುವಿನ ಗಾಜಿನಿಂದ ಇಳಿಯುತ್ತದೆ, ದೀಪದಿಂದ ಏರುತ್ತದೆ, ಅಂಗಳದ ಸೆಗಣಿ ನೆಲಕ್ಕೆ ಬಡಿದು ಮೇಲೇಳುತ್ತದೆ. ಮೂಗಿನ ಒಂದು ಬದಿಗೆ ಬಿದ್ದು ಇನ್ನೊಂದು ಬದಿಗೆ ನೆರಳು ಕೊಟ್ಟಾಗಲೇ ಅದು ಮೂಗು. ಎದುರಿನಿಂದ ಬಡಿದ ಬೆಳಕಿಗೆ ಮೂಗೂ ಒಂದೇ, ಗೋಡೆಯೂ ಒಂದೇ. ಫೋಟೊಗ್ರಫಿಯ ಬಗ್ಗೆ ಆಮೇಲೆ ನಾನು ಓದಿದ್ದೆಲ್ಲವೂ ಮಾವನ ಆ ಒಂದು ಮಾತಿನ ಸುತ್ತಲೇ ಬಂದು ನಿಂತಿದೆ.

ಕತ್ತಲೆಯಲ್ಲಿ ಚಿತ್ರ ತೆಗೆಯಬೇಕೆಂಬ ಹಠ ಹಳೆಯದು. ಪ್ಯಾರಿಸ್ಸಿನ ನಾದಾರ್ ಎಂಬಾತ 1860ರ ದಶಕದ ಮೊದಲ ವರ್ಷಗಳಲ್ಲಿ ಆ ನಗರದ ನೆಲದಡಿಯ ಅಸ್ಥಿಗುಹೆಗಳಿಗೂ ಚರಂಡಿಗಳಿಗೂ ಬ್ಯಾಟರಿಗಳನ್ನು ಹೊರಿಸಿಕೊಂಡು ಇಳಿದ. ವಿದ್ಯುತ್ ಆರ್ಕ್ ದೀಪ ಹೊತ್ತಿಸಿದರೂ ಒಂದು ಚಿತ್ರಕ್ಕೆ ಹದಿನೆಂಟು ನಿಮಿಷದವರೆಗೆ ಬೇಕಾಗುತ್ತಿತ್ತು. ಅಷ್ಟು ಹೊತ್ತು ಅಲುಗದೆ ನಿಲ್ಲುವ ಕೂಲಿಯವರು ಎಲ್ಲಿ ಸಿಗಬೇಕು? ಬಟ್ಟೆ ತೊಡಿಸಿದ ಬೊಂಬೆಗಳನ್ನು ನಿಲ್ಲಿಸಿ ತೆಗೆದ. ಕೆಲವೇ ವರ್ಷಗಳಲ್ಲಿ ಮೆಗ್ನೀಷಿಯಂ ಲೋಹದ ತಂತಿ ಮಾರುಕಟ್ಟೆಗೆ ಬಂತು. ಅದಕ್ಕೆ ಬೆಂಕಿ ಹಚ್ಚಿದರೆ ಕಣ್ಣು ಕೋರೈಸುವ ಬಿಳಿ ಬೆಳಕು. 1864ರಲ್ಲಿ ಮ್ಯಾಂಚೆಸ್ಟರಿನ ಆಲ್ಫ್ರೆಡ್ ಬ್ರದರ್ಸ್ ಅದನ್ನು ಉರಿಸಿ ಇಂಗ್ಲೆಂಡಿನ ಒಂದು ಗಣಿಯ ಒಳಗನ್ನು ತೆಗೆದರೆ, ಮರುವರ್ಷ ಖಗೋಳಜ್ಞ ಪಿಯಾಜ್ಜಿ ಸ್ಮಿತ್ ಈಜಿಪ್ಟಿನ ದೊಡ್ಡ ಪಿರಮಿಡ್ಡಿನ ಹೊಟ್ಟೆಯೊಳಗೆ ಅದೇ ಬೆಳಕು ಹೊತ್ತಿಸಿದ. ತಂತಿ ಉರಿದು ಮುಗಿಯುವಷ್ಟರಲ್ಲಿ ಹೊಗೆ ತುಂಬಿ ಕೋಣೆಯೇ ಕಾಣುತ್ತಿರಲಿಲ್ಲ. ಎರಡನೆಯ ಚಿತ್ರ ಬೇಕಾದರೆ ಹೊಗೆ ಹೋಗುವವರೆಗೆ ಕಾಯಬೇಕು.

ನಿಜವಾದ 'ಮಿಂಚು' ಬಂದದ್ದು 1887ರಲ್ಲಿ. ಅಡಾಲ್ಫ್ ಮೀಟೆ, ಯೋಹಾನೆಸ್ ಗೇಡಿಕೆ ಎಂಬ ಇಬ್ಬರು ಜರ್ಮನರು ಮೆಗ್ನೀಷಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟನ್ನೂ ಆಂಟಿಮನಿ ಸಲ್ಫೈಡನ್ನೂ ಬೆರೆಸಿದರು. ಪಟಾಕಿಯ ಮದ್ದಿಗೂ ಇದಕ್ಕೂ ಜಾತಿಯಲ್ಲಿ ವ್ಯತ್ಯಾಸವಿಲ್ಲ. ಕಿಡಿ ತಾಗಿದೊಡನೆ ಭಗ್ಗೆಂದು ಒಮ್ಮೆಗೇ ಉರಿದು ಮುಗಿಯುತ್ತದೆ. ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಕುಣಿದಾಡಿದವನು ನ್ಯೂಯಾರ್ಕಿನ ಪೊಲೀಸ್ ವರದಿಗಾರ ಜೇಕಬ್ ರೀಸ್. ವಲಸೆ ಬಂದ ಬಡವರು ಒಂದೊಂದು ಕೋಣೆಯಲ್ಲಿ ಹತ್ತು ಹನ್ನೆರಡು ಜನ ತುಂಬಿಕೊಂಡು ಮಲಗುವ ವಠಾರಗಳ ಬಗ್ಗೆ ಅವನು ಬರೆದು ಬರೆದು ಸೋತಿದ್ದ; ಯಾರೂ ನಂಬುತ್ತಿರಲಿಲ್ಲ. ಈಗ ನಡುರಾತ್ರಿ ಆ ಕೋಣೆಗಳಿಗೇ ನುಗ್ಗಿದ. ಮೊದಲು ಪುಡಿಯನ್ನು ಹಾರಿಸಲು ಪಿಸ್ತೂಲಿನಂಥ ಸಾಧನ ಹಿಡಿದಿದ್ದ. ಜನ ಅದನ್ನು ಕಂಡು ಕಿಟಕಿ ಹಾರಿ ಓಡುವುದನ್ನು ನೋಡಿ, ಅದನ್ನು ಬಿಟ್ಟು ಬಾಣಲೆಯಲ್ಲಿ ಪುಡಿ ಸುರಿದು ಹೊತ್ತಿಸತೊಡಗಿದ. ಕುರುಡರು ವಾಸವಾಗಿದ್ದ ಒಂದು ಕೋಣೆಯಲ್ಲಿ ಗೋಡೆಗೆ ನೇತುಹಾಕಿದ್ದ ಬಟ್ಟೆಬರೆಗೆ ಬೆಂಕಿ ಹತ್ತಿತು. ಅದನ್ನು ಅವನೇ ಬಡಿದು ನಂದಿಸಿದ. 1890ರಲ್ಲಿ ಆ ಚಿತ್ರಗಳನ್ನಿಟ್ಟುಕೊಂಡು ಬಂದ ಅವನ ಪುಸ್ತಕ ನ್ಯೂಯಾರ್ಕಿನ ವಸತಿ ಕಾನೂನುಗಳ ಸುಧಾರಣೆಗೆ ದಾರಿ ಮಾಡಿತು.

ರೀಸ್‌ನ ಚಿತ್ರಗಳನ್ನು ನೋಡುವಾಗ ನನಗೆ ಎರಡು ಮನಸ್ಸು. ಆ ಕೆಲಸಕ್ಕೆ ಬೇರೆ ಬೆಳಕು ಇರಲಿಲ್ಲ ಎಂಬುದು ಖಂಡಿತ. ಆದರೆ ನಿದ್ದೆಯಿಂದ ದಿಗಿಲುಗೊಂಡು ಎದ್ದವರ ಆ ಮುಖಗಳು ಬಡತನದಿಂದ ಹಾಗಾದದ್ದೋ ಬಾಣಲೆಯಿಂದ ಹಾಗಾದದ್ದೋ ಹೇಳುವುದು ಕಷ್ಟ.

ನಮ್ಮ ಪೇಟೆಗೆ ಪುಡಿಯ ಕಾಲ ತಡವಾಗಿ ಬಂದು ತಡವಾಗಿಯೇ ಹೋಯಿತು. ಮಾವ ಕಸುಬು ಕಲಿತದ್ದು ಮಂಗಳೂರಿನಲ್ಲಿ, ಅರುವತ್ತರ ದಶಕದಲ್ಲಿ. ಅವರ ಗುರುಗಳು ಶಾಲಾ ವಾರ್ಷಿಕೋತ್ಸವದ ಗುಂಪುಚಿತ್ರಕ್ಕೆ ತಗಡಿನ ತಟ್ಟೆಯಲ್ಲಿ ಪುಡಿ ಹೊತ್ತಿಸುತ್ತಿದ್ದ ಕತೆಗಳನ್ನು ಮಾವ ಹೇಳುತ್ತಿದ್ದರು. ಹುಬ್ಬು ಸುಟ್ಟುಕೊಳ್ಳದ ಫೋಟೊಗ್ರಾಫರನಿಗೆ ಆಗ ಯಾರೂ ಕೆಲಸ ಕೊಡುತ್ತಿರಲಿಲ್ಲವಂತೆ. ಮಾವನ ಕೈಗೆ ಬಂದದ್ದು ಮುಂದಿನ ತಲೆಮಾರು: ಫ್ಲ್ಯಾಷ್ ಬಲ್ಬು. ಗಾಜಿನ ಬುರುಡೆಯೊಳಗೆ ಆಮ್ಲಜನಕ ತುಂಬಿ, ತೆಳ್ಳಗಿನ ಅಲ್ಯುಮಿನಿಯಂ ಹಾಳೆಯನ್ನು ಮುದ್ದೆಮಾಡಿ ಇಟ್ಟದ್ದು. ಜರ್ಮನಿಯಲ್ಲಿ 1929ರಲ್ಲಿ ಮಾರಾಟಕ್ಕೆ ಬಂದ ಈ ಬಲ್ಬು ಹೊಗೆಯನ್ನೂ ಬೆಂಕಿಯನ್ನೂ ಗಾಜಿನೊಳಗೇ ಇರಿಸಿತು. ಆದರೆ ಒಂದು ಬಲ್ಬಿಗೆ ಒಂದೇ ಚಿತ್ರ. ಉರಿದ ಮೇಲೆ ಗಾಜು ಸುಕ್ಕುಗಟ್ಟಿ, ಬೊಬ್ಬೆ ಎದ್ದು, ಮುಟ್ಟಿದರೆ ಕೈ ಸುಡುತ್ತದೆ. ಮದುವೆಯ ಚಪ್ಪರದಲ್ಲಿ ಮಾವನ ಹಿಂದೆ ಸದಾ ಮಕ್ಕಳ ದಂಡು; ಬಿಸಾಡಿದ ಬಲ್ಬಿಗಾಗಿ ಜಗಳ. ನನ್ನ ತಾಯಿಯ ಹೊಲಿಗೆ ಡಬ್ಬಿಯಲ್ಲಿ ಅಂಥದೊಂದು ನೀಲಿ ಬಲ್ಬು ನೂಲುಂಡೆಗಳ ನಡುವೆ ಬಹಳ ಕಾಲ ಇತ್ತು.

ಇನ್ನು ನಾನು ಹೊತ್ತ ನ್ಯಾಷನಲ್ ಫ್ಲ್ಯಾಷಿನ ಮೂಲಪುರುಷ ಅಮೆರಿಕದ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್. ತಿರುಗುವ ಮೋಟರನ್ನು ನಿಂತಂತೆ ಕಾಣಿಸಬೇಕೆಂದು 1931ರ ಸುಮಾರಿಗೆ ಅವರು ರೂಪಿಸಿದ ಸ್ಟ್ರೋಬ್ ದೀಪವೇ ಎಲೆಕ್ಟ್ರಾನಿಕ್ ಫ್ಲ್ಯಾಷಿಗೆ ದಾರಿ. ಕೆಪಾಸಿಟರಿನಲ್ಲಿ ವಿದ್ಯುತ್ತನ್ನು ಕೂಡಿಟ್ಟು, ಅನಿಲ ತುಂಬಿದ ಕೊಳವೆಯೊಳಗೆ ಒಮ್ಮೆಗೇ ಹರಿಸುವುದು. ಸೇಬನ್ನು ಹೊಕ್ಕು ಹೊರಬಂದ ಗುಂಡನ್ನೂ, ಬಟ್ಟಲಿಗೆ ಬಿದ್ದ ಹಾಲಿನ ಹನಿ ಕಿರೀಟವಾಗಿ ಏಳುವುದನ್ನೂ ಅವರು ಹೀಗೆಯೇ ಹಿಡಿದರು. ನಮ್ಮ ಸಾಧನವೂ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಲ್ಲಿ, ಕೆಲವೊಮ್ಮೆ ಅದಕ್ಕಿಂತಲೂ ಬೇಗ, ಮಿಂಚಿ ಮುಗಿಸುತ್ತಿತ್ತು. ಆಮೇಲೆ ಮಾತ್ರ ಕುಂಯ್ ಎನ್ನುತ್ತ ಮತ್ತೆ ಹೊಟ್ಟೆ ತುಂಬಿಸಿಕೊಳ್ಳುವುದು. ಕಿತ್ತಳೆ ದೀಪ ಹೊತ್ತುವವರೆಗೆ ಎರಡನೆಯ ಮಿಂಚು ಇಲ್ಲ. ಸೆಲ್ಲು ಹಳತಾದಷ್ಟೂ ಆ ಕುಂಯ್ ಉದ್ದ. ಧಾರೆಯೆರೆಯುವಾಗ, ಕರಿಮಣಿ ಕಟ್ಟುವಾಗ, ವಾದ್ಯದವರು ಗಟ್ಟಿಮೇಳ ಹಿಡಿದಾಗ, ಮಾವ ಕೇಳುತ್ತಿದ್ದದ್ದು ಮಂತ್ರವನ್ನಲ್ಲ, ಆ ಕುಂಯ್ ದನಿಯನ್ನು. ಅದು ನಿಲ್ಲುವ ಮೊದಲೇ ಕರಿಮಣಿ ಕಟ್ಟಿ ಆದರೆ, "ಅಳಿಯಂದಿರೇ, ಇನ್ನೊಮ್ಮೆ ಕೈ ಹಾಗೇ ಹಿಡಿಯಿರಿ" ಎನ್ನದೆ ಗತಿಯಿಲ್ಲ.

ಫ್ಲ್ಯಾಷಿನ ಲೆಕ್ಕ ಸುಲಭ, ಫಲ ಮಾತ್ರ ಕಟು. ಪ್ರತಿ ಫ್ಲ್ಯಾಷಿಗೂ ಗೈಡ್ ನಂಬರ್ ಎಂಬ ಒಂದು ಅಂಕೆ ಇರುತ್ತದೆ. ದೂರವನ್ನು ಲೆನ್ಸಿನ ಎಫ್ ಅಂಕೆಯಿಂದ ಗುಣಿಸಿದರೆ ಆ ನಂಬರ್ ಬರಬೇಕು. 100 ಐಎಸ್‌ಒ ಫಿಲ್ಮಿಗೆ, ಮೀಟರಿನ ಲೆಕ್ಕದಲ್ಲಿ ಗೈಡ್ ನಂಬರ್ 20 ಎಂದಿಟ್ಟುಕೊಳ್ಳಿ. ಮದುಮಗಳು ಎರಡೂವರೆ ಮೀಟರ್ ದೂರದಲ್ಲಿದ್ದರೆ ಎಫ್-8. ಐದು ಮೀಟರಿನಲ್ಲಿದ್ದರೆ ಎಫ್-4. ಇದರ ಹಿಂದಿರುವ ನಿಯಮ, ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ ಎಂಬುದು. ಮದುಮಗಳಿಗೆ ಸರಿಹೋದ ಬೆಳಕಿನಲ್ಲಿ ಅವಳ ಹಿಂದೆ ಎರಡೂವರೆ ಮೀಟರಿನಲ್ಲಿ ನಿಂತ ಅತ್ತಿಗೆಗೆ ಸಿಗುವುದು ಕಾಲು ಪಾಲು, ಅವಳಿಗಿಂತಲೂ ಅಷ್ಟೇ ಹಿಂದಿನ ಭಾವನಿಗೆ ಒಂಬತ್ತನೆಯ ಒಂದು ಪಾಲು. ಊರೆಲ್ಲ ಕತ್ತಲೆಯಲ್ಲಿ ಮಾಯವಾದದ್ದು ಹೀಗೆ. ಹಗಲು ಇದ್ದದ್ದು ನಿಜ. ಆದರೆ ಸೆಕೆಂಡಿನ ಅರುವತ್ತರಲ್ಲಿ ಒಂದು ಪಾಲು ತೆರೆದು ಮುಚ್ಚಿದ ಷಟರಿಗೆ, ಎಫ್-8ರ ಸಣ್ಣ ಕಿಂಡಿಗೆ, ಚಪ್ಪರದೊಳಗಿನ ಹಗಲು ಏನೇನೂ ಸಾಲದು.

ಆ ಅರುವತ್ತನ್ನು ಮಾತ್ರ ಮೀರುವ ಹಾಗಿರಲಿಲ್ಲ. ಕೆ-1000ರ ಷಟರ್ ಎಂದರೆ ಬದಿಯಿಂದ ಬದಿಗೆ ಓಡುವ ಎರಡು ಬಟ್ಟೆಯ ಪರದೆ. ಅದಕ್ಕಿಂತ ಚುರುಕಾಗಿಸಿದರೆ ಮೊದಲ ಪರದೆ ಪೂರ್ತಿ ಸರಿಯುವ ಮುಂಚೆಯೇ ಎರಡನೆಯದು ಹೊರಟಿರುತ್ತದೆ. ಆಗ ಮಿಂಚಿದರೆ ಫಿಲ್ಮಿನ ಒಂದು ಪಟ್ಟಿಗೆ ಮಾತ್ರ ಬೆಳಕು. ಪಕ್ಕದ ಊರಿನ ಯಾವುದೋ ಮದುವೆಯಲ್ಲಿ ಡಯಲ್ 250ರ ಮೇಲೆ ಉಳಿದು, ಎಲ್ಲ ಚಿತ್ರದಲ್ಲೂ ಮದುಮಗ ಇದ್ದು ಮದುಮಗಳಿರಬೇಕಾದಲ್ಲಿ ಕಪ್ಪು ಪರದೆ ಬಂದ ಕತೆ ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಬಹಳ ಕಾಲ ಓಡಾಡಿತ್ತು. ಆ ಮದುವೆ ಮುಂದೆ ಬರ್ಕತ್ತಾಗಲಿಲ್ಲ ಎಂದು ಬೇರೆ ಸೇರಿಸುತ್ತಿದ್ದರು. ಅದು ನಂಬುವ ಮಾತಲ್ಲ.

ಕೆಳಗೆ ಇಳಿಯಲು ಅಡ್ಡಿಯಿಲ್ಲ. ಇದು ಬಹಳ ಮಂದಿಗೆ ಗೊತ್ತಿಲ್ಲದ ಗುಟ್ಟು. ಫ್ಲ್ಯಾಷಿನ ಬೆಳಕು ಷಟರ್ ಎಷ್ಟು ಹೊತ್ತು ತೆರೆದಿದೆ ಎಂದು ಕೇಳುವುದಿಲ್ಲ. ಅದು ಕಣ್ಣುಮುಚ್ಚುವುದರೊಳಗೆ ಬಂದು ಹೋಗಿರುತ್ತದೆ. ದೀಪದ ಬೆಳಕು, ಕಿಟಕಿಯ ಬೆಳಕು ಮಾತ್ರ ಷಟರ್ ತೆರೆದಷ್ಟೂ ಒಳಗೆ ಬರುತ್ತದೆ. ಆರತಿಯ ಹೊತ್ತಿಗೆ ಮಾವ ಡಯಲನ್ನು 8ಕ್ಕೆ ಇಳಿಸಿ, ಕಂಬಕ್ಕೆ ಒರಗಿ, ಉಸಿರು ಬಿಗಿಹಿಡಿದು ಒತ್ತುತ್ತಿದ್ದರು. ಮುಖಗಳನ್ನು ಫ್ಲ್ಯಾಷು ನಿಲ್ಲಿಸುವುದು. ಸೊಡರಿನ ಕುಡಿಗಳು ಎಂಟರಲ್ಲಿ ಒಂದು ಸೆಕೆಂಡಿನಲ್ಲಿ ತಮ್ಮಷ್ಟಕ್ಕೆ ಬಂಗಾರದ ಗೆರೆ ಎಳೆಯುವುವು. ಹಿಂದೆ ನಿಂತವರೂ ಮಸುಕಾಗಿ ಕಾಣುವರು. ಗಿರಾಕಿಗಳು ಆ ಚಿತ್ರವನ್ನು "ಅಲುಗಿದೆ" ಎಂದು ವಾಪಸು ಮಾಡುತ್ತಿದ್ದರು. ಮಾವನ ಸ್ಟುಡಿಯೋದ ಗೋಡೆಯ ಮೇಲೆ ಇದ್ದದ್ದೆಲ್ಲ ಹೀಗೆ ವಾಪಸು ಬಂದ ಚಿತ್ರಗಳೇ.

ಇನ್ನೊಂದು ಉಪಾಯವಿತ್ತು. ಫ್ಲ್ಯಾಷಿನ ತಲೆಯನ್ನು ಮೇಲಕ್ಕೆ ತಿರುಗಿಸಿ ಸುಣ್ಣ ಬಳಿದ ಮಾಡಿಗೆ ಹೊಡೆಯುವುದು. ಮಾಡಿಗೆ ಬಡಿದ ಬೆಳಕು ಹರಡಿ, ಮೆತ್ತಗಾಗಿ, ಮೇಲಿನಿಂದ ಇಳಿಯುತ್ತದೆ. ಶಕ್ತಿ ಬಹಳಷ್ಟು ಪೋಲಾದರೂ ಮುಖ ಮುಖವಾಗಿಯೇ ಉಳಿಯುತ್ತದೆ. ಆದರೆ ನಮ್ಮ ಮನೆಗಳ ಮಾಡು ಹೊಗೆಹಿಡಿದ ಹಂಚು, ಚಪ್ಪರದ್ದು ತೆಂಗಿನ ಸೋಗೆ. ಎರಡೂ ಬೆಳಕನ್ನು ನುಂಗುವ ಜಾತಿ. ಮಾವ ನೋಡುತ್ತಿದ್ದದ್ದು ಅಂತರಪಟವನ್ನು. ಮದುಮಕ್ಕಳ ನಡುವೆ ಹಿಡಿದ ಆ ಬಿಳಿ ಶಾಲು ಇಳಿಯುವ ಮೊದಲು, ನನ್ನ ಕೈಗೆ ಫ್ಲ್ಯಾಷು ಕೊಟ್ಟು, ಉದ್ದನೆಯ ತಂತಿ ಸಿಕ್ಕಿಸಿ, "ಬಟ್ಟೆಗೆ ಹೊಡಿ, ಮುಖಕ್ಕೆ ಬೇಡ" ಎನ್ನುವರು. ಶಾಲಿನಿಂದ ಹೊರಳಿ ಬಂದ ಬೆಳಕಿನಲ್ಲಿ ಹುಡುಗಿಯರೆಲ್ಲ ಇದ್ದದ್ದಕ್ಕಿಂತ ಚೆಲುವೆಯರಾಗುತ್ತಿದ್ದರು. ತಲೆತಗ್ಗಿಸಿ ನಿಂತ ಮುಖದ ಮೇಲೆ ರೆಪ್ಪೆಯ ನೆರಳು ಕೂಡ ಬೀಳುತ್ತಿತ್ತು. ಇದಕ್ಕೆ ಪುರೋಹಿತರ ಒಪ್ಪಿಗೆ ಬೇಕು. ಅವರದ್ದೊಂದು ಒಳ್ಳೆಯ ಫೋಟೊ ಮೊದಲೇ ತೆಗೆದು ಕೊಟ್ಟಿದ್ದರೆ ಒಪ್ಪಿಗೆ ಸಲೀಸು.

ಮಾವನಿಗೆ ಗೊತ್ತಿಲ್ಲದ ಸಂಗತಿ, ಇದೇ ಉಪಾಯದಿಂದ ನಮ್ಮ ದೇಶದ ಸಿನಿಮಾದ ಬೆಳಕೇ ಬದಲಾಗಿತ್ತು. ಸತ್ಯಜಿತ್ ರಾಯರ 1956ರ 'ಅಪರಾಜಿತೋ'ಗಾಗಿ ಕಾಶಿಯ ಮನೆಯೊಂದರ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೋದೊಳಗೆ ಕಟ್ಟಿದರು. ಆಕಾಶದಿಂದ ಇಳಿಯುವ, ನೆರಳಿಲ್ಲದ ಬೆಳಕು ಸ್ಟುಡಿಯೋದ ದೀಪಗಳಿಂದ ಬರುವುದು ಹೇಗೆ? ಕ್ಯಾಮರಾಮನ್ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ದೀಪಗಳನ್ನು ಕೆಳಗಿನಿಂದ ಅದಕ್ಕೆ ಹೊಡೆಸಿದರು. ಅದಾಗಿ ಮೂರೇ ವರ್ಷಕ್ಕೆ, ನಮ್ಮ ಮೈಸೂರಿನವರೇ ಆದ ವಿ.ಕೆ. ಮೂರ್ತಿ ಗುರುದತ್ತರ 'ಕಾಗಜ್ ಕೆ ಫೂಲ್'ನಲ್ಲಿ ಇನ್ನೂ ದೊಡ್ಡದಕ್ಕೆ ಕೈಹಾಕಿದರು. ಖಾಲಿ ಸ್ಟುಡಿಯೋದ ಕತ್ತಲೆಯನ್ನು ಸೀಳಿ ಇಳಿಯುವ ಒಂದೇ ಒಂದು ಬೆಳಕಿನ ಕೋಲು, ಅದರೊಳಗೆ ತೇಲುವ ಧೂಳು. ಯಾವ ದೀಪದಿಂದಲೂ ಅಂಥ ನೇರ ಕೋಲು ಬರಲಿಲ್ಲ. ಕಡೆಗೆ ಹೊರಗಿನ ಬಿಸಿಲಿಗೆ ಒಂದು ದೊಡ್ಡ ಕನ್ನಡಿ, ಒಳಗೆ ಇನ್ನೊಂದು ಕನ್ನಡಿ ಇಟ್ಟು ಸೂರ್ಯನನ್ನೇ ಒಳಗೆ ತಂದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರದ ಅತ್ಯಂತ ನೆನಪುಳಿಯುವ ದೃಶ್ಯಕ್ಕೆ ಖರ್ಚಾದದ್ದು ಎರಡು ಕನ್ನಡಿ. ಛಾಯಾಗ್ರಾಹಕರಲ್ಲಿ ಮೊದಲಿಗರಾಗಿ ಮೂರ್ತಿಯವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ಬಿಸಿಲನ್ನು ಹಿಡಿದು ತಂದದ್ದಕ್ಕೆ ಅದು ಹೆಚ್ಚೇನಲ್ಲ.

ಆದರೂ ಕಡಿಮೆ ಬೆಳಕೆಂದರೇನು ಎಂದು ನನಗೆ ತಿಳಿದದ್ದು ಮದುವೆಯಲ್ಲಿ ಅಲ್ಲ, ಆಟದಲ್ಲಿ. ನಮ್ಮಲ್ಲಿ ಆಟವೆಂದರೆ ಯಕ್ಷಗಾನ. ಗದ್ದೆಯಲ್ಲಿ ಬೆಳಗಿನವರೆಗೆ ನಡೆಯುವ ಬಯಲಾಟಕ್ಕೆ ಹಿಂದೆ ದೀವಟಿಗೆಯೇ ಬೆಳಕು, ಆಮೇಲೆ ಗ್ಯಾಸ್‌ಲೈಟು, ಈಗ ಸಾವಿರಾರು ವ್ಯಾಟಿನ ದೀಪ. ಬೇಗಡೆ ಹಚ್ಚಿದ ಮರದ ಆಭರಣ, ಕನ್ನಡಿ ಚೂರು ಕೂರಿಸಿದ ಕಿರೀಟ, ಇಂಗಳೀಕದ ಕೆಂಪು, ಕಾಡಿಗೆಯ ಗೆರೆ, ರಾಕ್ಷಸನ ಮುಖದ ಮೇಲೆ ಸಾಲುಸಾಲಾಗಿ ಎದ್ದ ಅಕ್ಕಿಹಿಟ್ಟಿನ ಚಿಟ್ಟಿ - ಇವೆಲ್ಲ ಹುಟ್ಟಿದ್ದು ಬದಿಯಿಂದ ಬೀಳುವ, ಅಲುಗಾಡುವ, ಹಳದಿ ಬೆಂಕಿಯ ಬೆಳಕಿಗಾಗಿ. ಆ ಬೆಳಕಿನಲ್ಲಿ ಒಂದೊಂದು ಚಿಟ್ಟಿಗೂ ಒಂದೊಂದು ನೆರಳು. ಕೆಮರಾದ ನೆತ್ತಿಯಿಂದ ಫ್ಲ್ಯಾಷು ಹೊಡೆಯಿರಿ: ಬೇಗಡೆಯೆಲ್ಲ ತಗಡು, ಮುಖವೆಲ್ಲ ಬಣ್ಣ ಬಳಿದ ಹಲಗೆ, ಮಹಿಷಾಸುರ ಹೋಗಿ ಅವನ ವೇಷ ಹಾಕಿದ ಮನುಷ್ಯ ಉಳಿಯುತ್ತಾನೆ.

ತಮಾಷೆಯೆಂದರೆ ಆಟಕ್ಕೆ ತನ್ನದೇ ಫ್ಲ್ಯಾಷು ಇತ್ತು, ರಾಳದ ಪುಡಿ. ರಾಕ್ಷಸರ ಬಣ್ಣದ ವೇಷ ಬರುವಾಗ ದೀವಟಿಗೆಯ ಮೇಲೆ ರಾಳ ಎಸೆದರೆ ಭುಗ್ಗನೆ ಜ್ವಾಲೆ ಏಳುತ್ತದೆ. ದೇವಿ ಮಹಾತ್ಮೆಯ ರಾತ್ರಿ ಮಹಿಷಾಸುರ ಬರುವುದು ರಂಗಸ್ಥಳದ ಹಿಂದಿನಿಂದ ಅಲ್ಲ. ಪ್ರೇಕ್ಷಕರ ನಡುವಿನಿಂದ, ಎರಡೂ ಕಡೆ ಪಂಜು ಹಿಡಿಸಿಕೊಂಡು, ಮಕ್ಕಳು ಚೀರಿ ತಾಯಂದಿರ ಸೆರಗು ಹಿಡಿಯುವ ಹಾಗೆ. ಮೀಟೆ ಮತ್ತು ಗೇಡಿಕೆ ಬರ್ಲಿನ್ನಿನಲ್ಲಿ ಬೆರೆಸಿದ್ದೂ ಇದೇ ಬಗೆಯ ಪುಡಿ. ವ್ಯತ್ಯಾಸವೊಂದೇ: ರಾಳವನ್ನು ಎಸೆಯುವವನಿಗೆ ವೇಷದ ಯಾವ ಬದಿಯಲ್ಲಿ ನಿಲ್ಲಬೇಕೆಂದು ಗೊತ್ತಿತ್ತು.

ಮದುವೆಯ ಸೀಸನ್ನು ಮುಗಿದ ಮೇಲೆ, ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಮೊದಲು, ಮಾವ ನನ್ನನ್ನು ಆಟಕ್ಕೆ ಕರೆದೊಯ್ಯುತ್ತಿದ್ದರು. ಫ್ಲ್ಯಾಷು ಮನೆಯಲ್ಲಿ. ಮುಂಬಯಿಯ ಹೋಟೆಲಿನಲ್ಲಿದ್ದ ನೆಂಟರ ಮೂಲಕ ತರಿಸಿದ 400ರ ಕಪ್ಪುಬಿಳುಪು ಫಿಲ್ಮು, ಅದನ್ನು 1600 ಎಂದು ಕೆಮರಾಕ್ಕೆ ಸುಳ್ಳು ಹೇಳಿ, ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಟ್ಟು ಆ ಸುಳ್ಳನ್ನು ತೀರಿಸುವುದು. ಚಿತ್ರ ಮರಳು ಮರಳಾಗಿ ಬರುತ್ತದೆ, ಬರಲಿ. ಲೆನ್ಸು 50 ಎಂಎಂ ಎಫ್-1.8. ಮೇಣದಬತ್ತಿಯ ಬೆಳಕಿನಲ್ಲೇ 'ಬ್ಯಾರಿ ಲಿಂಡನ್' ಚಿತ್ರದ ಕೋಣೆಗಳನ್ನು ತೆಗೆಯಬೇಕೆಂದು ಸ್ಟ್ಯಾನ್ಲಿ ಕೂಬ್ರಿಕ್, ನಾಸಾಕ್ಕೆಂದು ಜೈಸ್ ಕಂಪನಿ ಮಾಡಿದ್ದ ಎಫ್-0.7 ಲೆನ್ಸು ತರಿಸಿಕೊಂಡಿದ್ದ. ನಮ್ಮದಕ್ಕಿಂತ ಆರು ಪಟ್ಟಿಗೂ ಹೆಚ್ಚು ಬೆಳಕು ಕುಡಿಯುವ ಗಾಜು. ನಮಗೆ ನಾಸಾ ಇರಲಿಲ್ಲ, ತಾಳಜ್ಞಾನ ಇತ್ತು.

ಇದು ಮಾವನ ನಿಜವಾದ ವಿದ್ಯೆ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಷಟರ್ ಹದಿನೈದರಲ್ಲಿ ಒಂದು ಸೆಕೆಂಡಿಗಿಂತ ಮೇಲೇರುವುದಿಲ್ಲ. ಕುಣಿಯುವವನನ್ನು ಅಷ್ಟು ನಿಧಾನಕ್ಕೆ ಹಿಡಿದರೆ ಬರೀ ಹೊಗೆ. ಆದರೆ ಎಷ್ಟೇ ರಭಸದ ಕುಣಿತವಾಗಲಿ, ಅದರೊಳಗೆ ನಿಲ್ಲುವ ಕ್ಷಣಗಳಿವೆ. ಧೀಂಗಿಣ ಹಾಕಿದವನು ಏರಿ ತುದಿ ಮುಟ್ಟಿ ಇನ್ನೂ ಇಳಿಯದ ಗಳಿಗೆ ಒಂದು. ಚೆಂಡೆಯವರು ಬಿಡ್ತಿಗೆ ಬಾರಿಸಿ ಮುಕ್ತಾಯ ಕೊಟ್ಟಾಗ ವೇಷ ಕಾಲೂರಿ, ಎದೆ ಸೆಟೆಸಿ, ಕಣ್ಣರಳಿಸಿ ನಿಲ್ಲುವುದು ಇನ್ನೊಂದು. ಕಣ್ಣಿಂದ ನೋಡಿ ಒತ್ತಿದರೆ ಅದು ಕಳೆದುಹೋಗಿರುತ್ತದೆ; ಕಿವಿಯಿಂದ ಕೇಳಿ, ಬರುವುದಕ್ಕೆ ಅರೆಗಳಿಗೆ ಮೊದಲೇ ಒತ್ತಬೇಕು. ಮಾವ ರಂಗಸ್ಥಳದ ಬದಿಯ ಕಂಬಕ್ಕೆ ಬೆನ್ನು ಕೊಟ್ಟು, ಕಣ್ಣು ಅರೆಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೂತಿರುತ್ತಿದ್ದರು. ನಿದ್ದೆ ಬಂತೆಂದು ನಾನು ತಿಳಿದರೆ, ಬಿಡ್ತಿಗೆಯ ತುದಿಗೆ ಸರಿಯಾಗಿ ಕ್ಲಿಕ್. ಭಾಗವತರಿಗೂ ಇದು ಗೊತ್ತಾಗಿತ್ತು. ವೇಷ ಕಟ್ಟುವ ಚೌಕಿಯಲ್ಲಿ ಚಾ ಕುಡಿಯುವಾಗ, "ನಿಮ್ಮ ಕ್ಲಿಕ್ಕು ಇವತ್ತು ಎರಡು ಸಲ ತಾಳ ತಪ್ಪಿತು ಮಾರಾಯ್ರೆ" ಎಂದು ನಗುತ್ತಿದ್ದರು. ಆ ಚಿತ್ರಗಳು ಮಾರಾಟವಾಗುತ್ತಿರಲಿಲ್ಲ. ವೇಷಧಾರಿಗಳಿಗೆ ಒಂದೊಂದು ಪ್ರತಿ ಬಿಟ್ಟಿ.

ಫ್ಲ್ಯಾಷೇ ಬೇಡವೆಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಅದು ಬೇಕೇಬೇಕಾದ ಜಾಗಗಳಿವೆ; ಕಾಡು ಅಂಥದೊಂದು. ಅಮೆರಿಕದ ಜಾರ್ಜ್ ಶಿರಾಸ್ ರಾತ್ರಿ ದೋಣಿಯಲ್ಲಿ ಕೂತು, ಮೂತಿಯಲ್ಲಿ ಲಾಂದ್ರವಿಟ್ಟು, ನೀರು ಕುಡಿಯಲು ಬಂದ ಜಿಂಕೆಗಳನ್ನು ಮೆಗ್ನೀಷಿಯಂ ಬೆಳಕಿನಲ್ಲಿ ತೆಗೆದ. ದಾರಕ್ಕೆ ಕಾಲು ತಾಗಿದರೆ ಪ್ರಾಣಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವ ಹಾಗೂ ಮಾಡಿದ. 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಅವನ 74 ಚಿತ್ರಗಳನ್ನು ಒಟ್ಟಿಗೆ ಅಚ್ಚುಹಾಕಿತು. ಉತ್ತರ ಭಾರತದ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್.ಡಬ್ಲ್ಯು. ಚಾಂಪಿಯನ್ ಅದೇ ದಾರದ ಉಪಾಯದಿಂದ ಹುಲಿಗಳನ್ನು ಹಿಡಿದು 1927ರಲ್ಲಿ ಪುಸ್ತಕ ಮಾಡಿದ. ಯಕ್ಷಗಾನ ಬಯಲಾಟದ ಮೇಲಿನ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರು ನಮ್ಮ ಪುತ್ತೂರಿನಲ್ಲಿ ಬಹುಕಾಲ ಇದ್ದವರು. ಅವರ ಮಗ ಉಲ್ಲಾಸ ಕಾರಂತರು ತೊಂಬತ್ತರ ದಶಕದಲ್ಲಿ ನಾಗರಹೊಳೆಯ ದಾರಿಗಳ ಇಕ್ಕೆಲದಲ್ಲಿ ಕೆಮರಾ ಮತ್ತು ಫ್ಲ್ಯಾಷು ಕಟ್ಟಿ, ಹುಲಿಗಳನ್ನು ಪಟ್ಟೆಯಿಂದ ಗುರುತಿಸಿ ಎಣಿಸುವ ವಿಧಾನ ರೂಪಿಸಿದರು. ಆ ಕುರಿತ ಪ್ರಬಂಧ 1995ರಲ್ಲಿ ಬಂತು. ಎರಡು ಕೆಮರಾ ಏಕೆಂದರೆ ಹುಲಿಯ ಎಡಮೈಯ ಪಟ್ಟೆ ಬಲಮೈಯಂತಿರುವುದಿಲ್ಲ. ಒಂದರ ಮಿಂಚು ಇನ್ನೊಂದರ ಕಣ್ಣಿಗೆ ಬೀಳದ ಹಾಗೆ ಅವನ್ನು ತುಸು ಓರೆಯಾಗಿ ಕಟ್ಟಬೇಕು. ಅಪ್ಪ ದೀವಟಿಗೆಯ ಕಲೆಯ ಬಗ್ಗೆ ಬರೆದರು, ಮಗ ಕಾಡಿಗೆ ಮಿಂಚು ಕಟ್ಟಿದರು. ಇಲ್ಲಿ ಚಂದದ ಮಾತಿಲ್ಲ. ಪಟ್ಟೆ ಸ್ಪಷ್ಟ ಬಂದರೆ ಸಾಕು, ಹುಲಿ ಬೆಚ್ಚಿಬಿದ್ದ ಹಾಗೆ ಕಂಡರೂ ಆಲ್ಬಮ್ಮು ಕೇಳುವುದಿಲ್ಲ.

ಮಾವ ಈಗಿಲ್ಲ. ಸ್ಟುಡಿಯೋದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ. ನನ್ನ ಕೈಯಲ್ಲಿರುವ ಕೆಮರಾ 6400 ಐಎಸ್‌ಒ ಎಂದರೂ ಹುಬ್ಬೇರಿಸುವುದಿಲ್ಲ. ಮಾವ ಸುಳ್ಳು ಹೇಳಿ ದಕ್ಕಿಸಿಕೊಂಡದ್ದರ ನಾಲ್ಕು ಪಟ್ಟು. ಫೋನುಗಳೂ ಕತ್ತಲೆಗೆ ಹೆದರುವುದಿಲ್ಲ. ರಾತ್ರಿಯ ಮೋಡಿನಲ್ಲಿ ಅವು ಒಂದರ ಮೇಲೊಂದು ಹಲವು ಚಿತ್ರ ತೆಗೆದು, ಹೊಂದಿಸಿ, ಒಂದು ಮಾಡಿ ಕೊಡುತ್ತವೆ. ನಿಂತ ದೇವಸ್ಥಾನಕ್ಕೆ ಅದು ಚೆನ್ನ. ಕುಣಿಯುವ ವೇಷಕ್ಕೆ ಈಗಲೂ ಬಿಡ್ತಿಗೆ ಕೇಳಿಯೇ ಒತ್ತಬೇಕು. ಇಷ್ಟೆಲ್ಲ ಇದ್ದೂ ಕಳೆದ ವರ್ಷ ನೋಡಿದ ಆಟದಲ್ಲಿ ಮಹಿಷಾಸುರ ಜನರ ನಡುವಿನಿಂದ ಬರುತ್ತಿದ್ದಂತೆ ನೂರಾರು ಫೋನುಗಳು ಒಟ್ಟಿಗೆ ಮಿಂಚಿದವು. ಪಂಜಿನ ಬೆಳಕು ಸತ್ತೇ ಹೋಯಿತು. ಫೋನಿನ ಆ ಸಣ್ಣ ಎಲ್‌ಇಡಿಯ ಬೆಳಕು ಎರಡು ಮೂರು ಮೀಟರಿನಾಚೆ ಹೋಗುವುದಿಲ್ಲ. ಹಿಂದಿನ ಸಾಲಿನವರ ಫೋನಿಗೆ ಸಿಕ್ಕಿದ್ದು ಮುಂದಿನ ಸಾಲಿನವರ ನೆತ್ತಿಗಳು, ಚೆನ್ನಾಗಿ ಬೆಳಗಿದ ನೆತ್ತಿಗಳು.

ಹಾಗಾಗಿ ಆಟಕ್ಕೆ ಹೋಗುವವರಲ್ಲಿ ಒಂದು ವಿನಂತಿ. ಎದುರಿನ ಕುರ್ಚಿ ಬಿಟ್ಟು ರಂಗಸ್ಥಳದ ಬದಿಗೆ ಬಂದು ಕೂತುಕೊಳ್ಳಿ, ಒರಗಲು ಕಂಬ ಸಿಕ್ಕರೆ ಬಿಡಬೇಡಿ, ಚೆಂಡೆ ಕೇಳಿಸಿಕೊಳ್ಳಿ. ಮತ್ತು ಫ್ಲ್ಯಾಷು ಆಫ್ ಮಾಡಿ. ಫೋನಿನ ಕೆಮರಾ ತೆರೆದರೆ ಒಂದು ಮೂಲೆಯಲ್ಲಿ ಮಿಂಚಿನ ಗುರುತು ಇರುತ್ತದೆ, ಅದನ್ನು ಮುಟ್ಟಿದರೆ ಆಯಿತು. ಗುರುತಿನ ಮೇಲೆ ಅಡ್ಡಗೆರೆ ಬಿದ್ದಿದ್ದರೆ ಆಫ್ ಆಗಿದೆ ಎಂದು ಲೆಕ್ಕ.